ಮೂಕಿ ಸಿನಿಮಾದಲ್ಲಿ ನಮ್ಮ ಅಜ್ಜಿ

ನನ್ನ ಅಜ್ಜಿ, ಅಂದರೆ ತಾಯಿಯ ತಾಯಿ, ಮೂಕಿ ಸಿನಿಮಾಗಳಲ್ಲಿ ನಟಿಯಾಗಿದ್ದಳು. ಇದನ್ನು ನಾಲ್ಕು ಜನರ ಮುಂದೆ ಹೇಳುವ ಧೈರ್ಯ ನಮ್ಮ ಮನೆತನಕ್ಕೆ ಬಂದದ್ದು ತೀರಾ ಇತ್ತೀಚೆಗೆ. ನಾನು ಚಿಕ್ಕವಳಿದ್ದಾಗ ಹಿರಿಯರು ಯಾರಾದರೂ ಈ ಮಾತೆತ್ತಿದರೆ ಮೊದಲು ಮಕ್ಕಳನ್ನು ಹೊರಗೆ ಆಡಲು ಕಳಿಸುತ್ತಿದ್ದರು. ನಾನು ಹೊರಗೆ ಹೋದ ಹಾಗೆ ಮಾಡಿ ಕಿಟಕಿಯ ಕೆಳಗೆ ಕೂತುಬಿಡುತ್ತಿದ್ದೆ. ಕದ್ದು ಕೇಳುವ ಚಾಳಿಗೆ ಬೈಸಿಕೊಂಡಿದ್ದೇನೆ, ಆದರೆ ಅಜ್ಜಿಯ ವಿಷಯ ನನಗೆ ಗೊತ್ತಾದದ್ದೆಲ್ಲ ಆ ಚಾಳಿಯಿಂದಲೇ.

ಈಗ ನನಗೇ ಅರವತ್ತಾಗಿದೆ. ಶಿರಸಿಯಲ್ಲಿ ಡ್ರಾಯಿಂಗ್ ಟೀಚರಾಗಿದ್ದವಳು ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ನಮ್ಮ ಕಡೆ ತಾಯಿಗೆ ಆಯಿ ಎನ್ನುತ್ತೇವೆ, ತಾಯಂದಿರು ಮಗಳನ್ನು ತಂಗಿ ಎಂದು ಕರೆಯುತ್ತಾರೆ. ನನ್ನ ಆಯಿ ಎಂಬತ್ತು ದಾಟಿದವಳು, ನನ್ನ ಮತ್ತು ನನ್ನ ಗಂಡನ ಜೊತೆಗೇ ಇದ್ದಾಳೆ. ಕಣ್ಣು ಚುರುಕು, ಕಾಲು ಗಟ್ಟಿ, ನಾಲಿಗೆ ಕೇಳುವುದೇ ಬೇಡ. ಕಿವಿ ಮಾತ್ರ ಐವತ್ತರ ಹೊತ್ತಿಗೆ ಮಂದವಾಗತೊಡಗಿ ಈಗ ಪೂರ್ತಿ ಹೋಗಿದೆ.

ಅಜ್ಜಿ ತೀರಿಕೊಂಡಾಗ ಆಯಿ ಇನ್ನೂ ಸರಿಯಾಗಿ ಮಾತು ಕಲಿಯದ ಕೂಸು. ಬಾಣಂತಿ ಜ್ವರ ಎಂದು ಹೇಳುತ್ತಾರೆ. ಹುಟ್ಟಿದ ಇನ್ನೊಂದು ಮಗುವೂ ಉಳಿಯಲಿಲ್ಲ. ಇದ್ದ ಒಂದೇ ಒಂದು ಫೋಟೋ, ಮದುವೆಯದು, ಗೋಡೆಯ ಮೇಲೇ ವರಲೆ ಹಿಡಿದು, ಗೆದ್ದಲು ತಿಂದು ಹೋಯಿತಂತೆ. ಹೀಗಾಗಿ ಆಯಿಗೆ ತನ್ನ ತಾಯಿಯ ಮುಖ ಗೊತ್ತಿಲ್ಲ. "ಆಯಿ ಸೀರೆ ನೆನಪಿದ್ದು, ಸೀರೆ ವಾಸನೆ ನೆನಪಿದ್ದು, ಮುಖ ಒಂದು ನೆನಪಿಲ್ಲೆ" ಎಂದು ನನ್ನ ಚಿಕ್ಕಂದಿನಿಂದ ಹೇಳುತ್ತ ಬಂದಿದ್ದಾಳೆ. "ಒಂದೇ ಒಂದ್ಸಲ ಮುಖ ಕಂಡಿದ್ರೆ ಸಾಕಿತ್ತು, ಮತ್ತೆಂತದೂ ಬ್ಯಾಡಾಗಿತ್ತು" ಎನ್ನುತ್ತಿದ್ದಳು. ಇದನ್ನು ಅವಳು ಅತ್ತು ಹೇಳಿದ್ದಲ್ಲ. ತರಕಾರಿ ಹೆಚ್ಚುತ್ತಲೋ ಬತ್ತಿ ಹೊಸೆಯುತ್ತಲೋ ಹೇಳಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು.

ಪಿತೃಪಕ್ಷದ ನವಮಿಯ ದಿನ, ಮುತ್ತೈದೆಯಾಗಿ ತೀರಿಕೊಂಡ ಹೆಂಗಸರ ಹೆಸರಿನಲ್ಲಿ ಒಬ್ಬ ಮುತ್ತೈದೆಯನ್ನು ಕರೆದು ಉಣ್ಣಿಸುವುದುಂಟು. ಅವಿಧವಾ ನವಮಿ ಅದು. ಎಲೆಯ ಮುಂದೆ ಕೂತವಳೇ ಆ ದಿನದ ಮಟ್ಟಿಗೆ ತೀರಿಹೋದವಳು. ಅವಳಿಗೆ ಕುಂಕುಮವಿಟ್ಟು, ಹೂ ಮುಡಿಸಿ, ರವಿಕೆ ಕಣವನ್ನೋ ಸೀರೆಯನ್ನೋ ಕೊಟ್ಟು, ವಡೆ ಪಾಯಸ ಬಡಿಸಿ ಕಾಲಿಗೆ ಬೀಳಬೇಕು. ಆಯಿ ತನ್ನ ಮದುವೆಯಾದಾಗಿನಿಂದ ಇದನ್ನು ತಪ್ಪಿಸಿದವಳಲ್ಲ. ತೀರಿಹೋದವಳ ಗಂಡನೂ ತೀರಿಕೊಂಡ ಮೇಲೆ ಇದನ್ನು ಬಿಡುವುದು ರೂಢಿ. ನನ್ನ ಅಜ್ಜ ತೀರಿಕೊಂಡ ವರ್ಷ ಪುರೋಹಿತರು ಅದನ್ನೇ ಹೇಳಿದರು. ಆಯಿ ಅವರ ಮುಖ ನೋಡಿ, "ಅಪ್ಪಯ್ಯ ಸತ್ರೆ ಆಯಿ ಹಸಿವೆ ಹೋಗ್ತ?" ಎಂದು ಕೇಳಿದಳು. ಆ ವರ್ಷವೂ ಮುತ್ತೈದೆಯನ್ನು ಕರೆದು ಉಣ್ಣಿಸಿದಳು.

ನವಮಿಯ ಊಟಕ್ಕೆ ಕೂತವಳನ್ನು ಆಯಿ ನೋಡುತ್ತಿದ್ದ ರೀತಿ ನನಗೆ ಚಿಕ್ಕಂದಿನಲ್ಲಿ ನಾಚಿಕೆ ತರುತ್ತಿತ್ತು. ಬಡಿಸುವುದನ್ನು ನನಗೆ ಬಿಟ್ಟು ತಾನು ಎದುರಿಗೆ ಕೂತು, ಅವಳು ಅಗಿಯುವುದನ್ನು, ನುಂಗುವುದನ್ನು, ನೀರು ಕುಡಿಯುವುದನ್ನು ನೋಡುತ್ತಲೇ ಇರುತ್ತಿದ್ದಳು. ಪಾಪ, ಊಟಕ್ಕೆ ಬಂದ ಹೆಂಗಸಿಗೆ ತುತ್ತು ಇಳಿಯುತ್ತಿರಲಿಲ್ಲ. ಒಬ್ಬಳಂತೂ ಮರುವರ್ಷ ಕರೆದರೆ ನೆಪ ಹೇಳಿ ತಪ್ಪಿಸಿಕೊಂಡಳು. ಯಾವುದಾದರೂ ಒಂದು ಮುಖದಲ್ಲಿ ತಾಯಿ ಕಂಡಾಳೆಂದು ಆಯಿ ಕಾಯುತ್ತಿದ್ದಳು ಎನ್ನುವುದು ನನಗೆ ಹೊಳೆದದ್ದು ನಾನೂ ಮಕ್ಕಳ ತಾಯಿಯಾದ ಮೇಲೆ.

ಅಜ್ಜಿಯ ಕಥೆ ನಮಗೆ ತಿಳಿದದ್ದು ಅವಳ ತಮ್ಮನಿಂದ, ಅಂದರೆ ಆಯಿಯ ಸೋದರಮಾವನಿಂದ. ಸಿದ್ದಾಪುರದ ದೊಡ್ಮನೆ ಕಡೆಯವರು ಅವರು. ಮನೆತನಕ್ಕೆ ಜಮೀನಿಲ್ಲ, ಅಡುಗೆಯ ಕೈಗುಣ ಮಾತ್ರ ಇತ್ತು. ಅಜ್ಜಿಯ ಅಪ್ಪ ಮದುವೆ ಮುಂಜಿಗಳ ಅಡುಗೆ ಮಾಡುತ್ತ ಮಾಡುತ್ತ, ಯಾರದೋ ಮಾತು ಕೇಳಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಘಟ್ಟ ಇಳಿದು ಹಡಗು ಹತ್ತಿ ಬೊಂಬಾಯಿಗೆ ಹೋದರು. ಅಲ್ಲಿ ಒಂದು ಸಿನಿಮಾ ಕಂಪನಿಯವರು ತಮ್ಮ ಜನರಿಗೆ ಊಟ ಹಾಕಲು ಅಡುಗೆಯವರನ್ನು ಹುಡುಕುತ್ತಿದ್ದರು. ಕಂಪನಿಯ ಆವರಣದಲ್ಲೇ ಅಡುಗೆಮನೆ, ಅದರ ಹಿಂದೆ ಇವರ ವಾಸ.

ಆಗ ಸಿನಿಮಾಕ್ಕೆ ಹೆಂಗಸರು ಸಿಗುವುದು ದುರ್ಲಭ. ಒಂದು ದಿನ ರಾಜಸಭೆಯ ದೃಶ್ಯಕ್ಕೆ ಸಖಿಯರು ಕಡಿಮೆಬಿದ್ದರು. ಮಜ್ಜಿಗೆ ತಂದುಕೊಡಲು ಬಂದ ಅಡುಗೆಯವರ ಮಗಳನ್ನು ಹಿಡಿದು ನಿಲ್ಲಿಸಿ, ಮುಖಕ್ಕೆ ಬಣ್ಣ ಮೆತ್ತಿ, ಕೈಗೊಂದು ಚಾಮರ ಕೊಟ್ಟರಂತೆ. ಅವಳಿಗೆ ಆಗ ಹದಿಮೂರೋ ಹದಿನಾಲ್ಕೋ. ಅವಳ ತಾಯಿ ಗೋಳೋ ಎಂದು ಅತ್ತರು. ಅಪ್ಪ ಮಾತ್ರ ಮಗಳು ತನ್ನ ಕಣ್ಣೆದುರೇ ಇರುತ್ತಾಳಲ್ಲ ಎಂದು ಸುಮ್ಮನಾದರು. ಆಮೇಲೆ ಅವಳು ಕಂಪನಿಯ ಕಾಯಂ ನಟಿಯಾದಳು.

ಸೋದರಮಾವ ಹೇಳುತ್ತಿದ್ದ ಆ ಲೋಕದ ಕಥೆಗಳನ್ನು ನಾನು ಕಿಟಕಿಯ ಕೆಳಗೆ ಕೂತು ಬಾಯಿ ತೆರೆದುಕೊಂಡು ಕೇಳುತ್ತಿದ್ದೆ. ಕೆಲಸವೆಲ್ಲ ಬಿಸಿಲಿನಲ್ಲಿ. ತಲೆಯ ಮೇಲೆ ಬಿಳಿ ಬಟ್ಟೆಯ ಚಪ್ಪರ ಕಟ್ಟಿ ಬೆಳಕನ್ನು ಹದ ಮಾಡುತ್ತಿದ್ದರು. ಮೋಡ ಬಂತೆಂದರೆ ರಾಜನೂ ರಾಕ್ಷಸನೂ ಒಟ್ಟಿಗೆ ಕೂತು ಎಲೆಅಡಿಕೆ ಹಾಕುತ್ತಿದ್ದರು. ಅಳುವ ದೃಶ್ಯವಿದ್ದರೆ ಪಕ್ಕದಲ್ಲಿ ಒಬ್ಬ ಸಾರಂಗಿ ನುಡಿಸುತ್ತಿದ್ದ. ಮಾತು ಯಾರಿಗೂ ಕೇಳುವುದಿಲ್ಲವಾದ್ದರಿಂದ ಬಾಯಾಡಿಸಿದರೆ ಆಯಿತು. ನಾಯಕ ಮರಾಠಿಯಲ್ಲಿ ಪ್ರೀತಿ ತೋಡಿಕೊಂಡರೆ ನಾಯಕಿ ಇಂಗ್ಲಿಷಿನಲ್ಲಿ ಒಪ್ಪಿಕೊಳ್ಳುತ್ತಿದ್ದಳು, ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಇದನ್ನು ಹೇಳುವಾಗ ಸೋದರಮಾವ ನಕ್ಕು ನಕ್ಕು ಕೆಮ್ಮುತ್ತಿದ್ದರು. ಅಕ್ಕ ಕುದುರೆ ಏರಿದ್ದು, ದೋಣಿಯಿಂದ ನೀರಿಗೆ ಬಿದ್ದದ್ದು, ಒಂದು ಸಿನಿಮಾದಲ್ಲಿ ದೇವತೆಯಾಗಿ ಹಗ್ಗದಲ್ಲಿ ನೇತಾಡಿದ್ದು ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದರು.

ಆಮೇಲೆ ಮಾತನಾಡುವ ಸಿನಿಮಾ ಬಂತು. ಕಂಪನಿಯವರು ಎಲ್ಲರನ್ನೂ ಮೈಕಿನ ಮುಂದೆ ನಿಲ್ಲಿಸಿ ಹಿಂದಿ ಹೇಳಿಸಿದರು. ಅಜ್ಜಿಯ ಸರದಿ ಬಂದಾಗ ಅವಳ ಬಾಯಿಂದ ಹೊರಟ ಹಿಂದಿ ಕೇಳಿ, ಅದುವರೆಗೆ ಅವಳ ಕೆಲಸವನ್ನು ಹೊಗಳುತ್ತಿದ್ದವರೇ ಬಿದ್ದು ಬಿದ್ದು ನಕ್ಕರಂತೆ. ಅಲ್ಲಿಗೆ ಮುಗಿಯಿತು. ಇಪ್ಪತ್ತು ತುಂಬುವುದರೊಳಗೆ ಅವಳ ಕಾಲ ಆಗಿಹೋಗಿತ್ತು. ಕಂಪನಿಯೂ ಮುಚ್ಚಿ, ಎಲ್ಲರೂ ಊರಿಗೆ ವಾಪಸು ಬಂದರು.

ಊರಿನಲ್ಲಿ ಬೊಂಬಾಯಿ ಸಿನಿಮಾದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ? ಯಲ್ಲಾಪುರದ ಉಮ್ಮಚಗಿ ಕಡೆ ಹೆಂಡತಿ ತೀರಿಕೊಂಡ ಒಬ್ಬರು ಒಪ್ಪಿದರು. ಸಿನಿಮಾದ ಸುದ್ದಿ ಎತ್ತಬಾರದು ಎನ್ನುವುದು ಅವರ ಕರಾರು. ಅವರೇ ನನ್ನ ಅಜ್ಜ. ಕೆಟ್ಟವರಲ್ಲ, ಜನರ ಬಾಯಿಗೆ ಹೆದರುವವರು. ಅಜ್ಜಿ ಕರಾರು ಮುರಿಯಲಿಲ್ಲ. ಆದರೆ ಉಮ್ಮಚಗಿಯ ನೆರೆಮನೆಯ ಮುದುಕಿಯೊಬ್ಬರು ನನಗೆ ಒಂದು ವಿಷಯ ಹೇಳಿದ್ದರು. ಅಂಗಳದಲ್ಲಿ ಕೆಲಸ ಮಾಡುತ್ತಿರುವಾಗ ಮೋಡ ಸರಿದು ಬಿಸಿಲು ಬಿದ್ದರೆ ಅಜ್ಜಿ ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ಮುಖವನ್ನು ಆ ಬಿಸಿಲಿಗೆ ತಿರುಗಿಸಿ ಒಂದು ಗಳಿಗೆ ನಿಲ್ಲುತ್ತಿದ್ದಳಂತೆ. ಯಾಕೆಂದು ಅವರಿಗೆ ಕೊನೆಯವರೆಗೂ ತಿಳಿದಿರಲಿಲ್ಲ. ನನಗೆ ತಿಳಿಯಿತು. ಆ ದಿನ ಬಸ್ಸಿನಲ್ಲಿ ಶಿರಸಿಗೆ ಬರುವಾಗ ದಾರಿಯುದ್ದಕ್ಕೂ ಅತ್ತಿದ್ದೇನೆ.

ಡ್ರಾಯಿಂಗ್ ಕಲಿತವಳೆಂಬ ಜಂಬದಲ್ಲಿ ನಾನು ಅಜ್ಜಿಯ ಮುಖ ಬಿಡಿಸಿ ಆಯಿಗೆ ಕೊಡುತ್ತೇನೆಂದು ಹೊರಟದ್ದೂ ಉಂಟು. ಅಜ್ಜಿಯನ್ನು ಕಂಡಿದ್ದ ಹಳಬರು ಆಗಿನ್ನೂ ಕೆಲವರಿದ್ದರು. ಒಬ್ಬರು ಉದ್ದ ಮೂಗು ಎಂದರು, ಇನ್ನೊಬ್ಬರು ನನ್ನದನ್ನೇ ತೋರಿಸಿ "ಹಿಂಗೇ ಮೊಂಡು" ಎಂದರು. ಒಬ್ಬರ ಪ್ರಕಾರ ಬೆಳ್ಳಗೆ, ಒಬ್ಬರ ಪ್ರಕಾರ ಎಣ್ಣೆಗಪ್ಪು. ಎಲ್ಲವನ್ನೂ ಸೇರಿಸಿ ಬಿಡಿಸಿದ್ದನ್ನು ತೋರಿಸಿದರೆ ಆಯಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆಂದ ಬರದ್ದೆ. ಯಾರಿದು?" ಎಂದು ಕೇಳಿದಳು. ನನಗೆ ಸಿಟ್ಟು ಬಂತು. ಆ ಸಿಟ್ಟು ಆಯಿಯ ಮೇಲೋ ನನ್ನ ಪೆನ್ಸಿಲಿನ ಮೇಲೋ ನನಗೇ ಗೊತ್ತಾಗಲಿಲ್ಲ.

ಕಿವಿ ಹೋದ ಮೇಲೆ ಆಯಿ ತುಟಿ ನೋಡಿ ಮಾತು ತಿಳಿಯುವುದನ್ನು ತಾನೇ ಕಲಿತಳು. ಕಿವಿಗೆ ತಂದ ಮಿಷನ್ನು ಡ್ರಾಯರಿನಲ್ಲಿ ಮಲಗಿದೆ. ಆದರೆ ಅವಳಿಗೆ ತಿಳಿಯುವುದು ನಮ್ಮ ಮನೆಮಾತು ಮಾತ್ರ. ಹಾವೇರಿ ಕಡೆಯ ಬ್ಯಾಂಕಿನವರು "ಬರ್ರೀ ಅಮ್ಮಾರ, ಕುಂದರ್ರೀ" ಎಂದು ಎಷ್ಟು ಮರ್ಯಾದೆಯಿಂದ ಕರೆದರೂ ಇವಳು ನನ್ನ ಕಡೆ ತಿರುಗಿ, "ಇಂವ ಬಾಯಿ ಸರಿ ಬಿಡ್ತ್ನಿಲ್ಲೆ" ಎನ್ನುತ್ತಾಳೆ. ಟಿ.ವಿ.ಯಲ್ಲಿ ಆಡುವ ಮಾತು ಒಂದೂ ಹತ್ತುವುದಿಲ್ಲ. ಕೊರೋನಾ ಬಂದು ಎಲ್ಲರೂ ಮಾಸ್ಕ್ ಕಟ್ಟಿಕೊಂಡಾಗ ಅವಳಿಗೆ ಲೋಕವೇ ಮುಚ್ಚಿಹೋಯಿತು. ಮನೆಗೆ ಬಂದವರ ಮುಖದ ಮಾಸ್ಕನ್ನು ಕೈಯಾರೆ ಕೆಳಗೆ ಎಳೆದು ನಮಗೆ ಸಾಕುಬೇಕು ಮಾಡಿಬಿಟ್ಟಿದ್ದಳು.

ಈಚೆಗೆ ಒಂದು ಮಳೆಗಾಲದ ಕೊನೆಯಲ್ಲಿ ದೊಡ್ಮನೆಯಿಂದ ಫೋನ್ ಬಂತು. ಮಾಡಿದವರು ಆ ಸೋದರಮಾವನ ಮಗ. ನನಗೂ ಮಾವನೇ ಆಗಬೇಕು. ಹಳೆಯ ಸಿನಿಮಾಗಳನ್ನು ಹುಡುಕಿ ಕಾಪಾಡುವ ಕಡೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಅವರನ್ನು ಹುಡುಕಿಕೊಂಡು ಬಂದಿದ್ದಳಂತೆ. ಯಾರದೋ ಮನೆಯ ಅಟ್ಟದಲ್ಲಿ ಸಿಕ್ಕ ಡಬ್ಬಿಯಲ್ಲಿ ಆ ಕಂಪನಿಯ ಒಂದು ಚಿತ್ರದ ತುಂಡು ಉಳಿದಿತ್ತು. ಕಂಪನಿಯ ಅಡುಗೆಯವರ ಮಗಳು ಅದರಲ್ಲಿ ಇದ್ದಾಳೆಂದು ಹಳೆಯ ಕಾಗದಗಳಿಂದ ಅವಳಿಗೆ ಗೊತ್ತಾಗಿತ್ತು. ಯಾವ ಮುಖ ಯಾರದೆಂದು ಮಾತ್ರ ಗೊತ್ತಿರಲಿಲ್ಲ. ಅದನ್ನು ಕೇಳಲೆಂದೇ ಅವಳು ಬಂದದ್ದು.

ಮಾವ ಅದನ್ನು ನನ್ನ ಮೊಬೈಲಿಗೆ ಕಳಿಸಿದರು. ರಾಜಸಭೆ, ಕಿರೀಟ ತೊಟ್ಟ ರಾಣಿ, ಅವಳ ಸುತ್ತ ಮೂರ್ನಾಲ್ಕು ಹೆಂಗಸರು. ಎಲ್ಲರದೂ ಒಂದೇ ಥರದ ಬಣ್ಣ ಬಳಿದ ಮುಖ, ಒಂದೇ ಥರದ ಕಪ್ಪು ಹಚ್ಚಿದ ಕಣ್ಣು. ಜೀವಮಾನವೆಲ್ಲ ಮಕ್ಕಳಿಗೆ ಮುಖ ಬಿಡಿಸುವುದನ್ನು ಕಲಿಸಿದವಳು ನಾನು, ನನ್ನ ಅಜ್ಜಿ ಯಾರೆಂದು ಹೇಳಲಾಗದೆ ಕೂತೆ. ಆಯಿಗೆ ತೋರಿಸಿದರೆ, "ಇರುವೆ ಹರಿದಾಡ್ದಾಂಗೆ ಕಾಣ್ತು" ಎಂದು ಮೊಬೈಲನ್ನು ವಾಪಸು ಕೊಟ್ಟಳು. ದೊಡ್ಡದಾಗಿ ತೋರಿಸುವ ಏರ್ಪಾಡಾಗುವವರೆಗೆ ಕಾಯಬೇಕಾಯಿತು. ಆ ದಿನಗಳಲ್ಲಿ ಆಯಿ ಸರಿಯಾಗಿ ಊಟ ಮಾಡಲಿಲ್ಲ. ಕೇಳಿದರೆ ಹಸಿವಿಲ್ಲ ಎನ್ನುತ್ತಿದ್ದಳು.

ಮಾವನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ನವಮಿಯ ದಿನ ಬೆಳಿಗ್ಗೆಯೇ ಸಿದ್ದಾಪುರದ ಬಸ್ಸಿಗೆ ಬಂದಿಳಿದರು. ಬಗಲಲ್ಲಿ ದೊಡ್ಡದೊಂದು ಕಟ್ಟು. ಬಿಚ್ಚಿದರೆ ಆ ರಾಣಿಯ ಚಿತ್ರ! ಮೊಬೈಲಿನಿಂದ ತೆಗೆಸಿ, ದೊಡ್ಡದು ಮಾಡಿಸಿ, ಚಿನ್ನದ ಬಣ್ಣದ ಕಟ್ಟು ಹಾಕಿಸಿ, ಗಂಧದ ಹಾರವನ್ನೂ ಏರಿಸಿಕೊಂಡು ಬಂದಿದ್ದರು.

"ಅತ್ತಿಗೇ, ನಿಂಗಳ ಆಯಿನ ಕರ್ಕಂಡು ಬೈಂದೆ ನೋಡಿ" ಎಂದು ಆಯಿಯ ಎದುರು ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದರು.

ಆ ಚಿತ್ರವನ್ನು ಕುರ್ಚಿಯ ಮೇಲೆ ಇಟ್ಟು ದೀಪ ಹಚ್ಚಿದೆವು. ಆಯಿ ಕುಂಕುಮ ಇಟ್ಟಳು, ನಮಸ್ಕಾರ ಮಾಡಿದಳು, ಹತ್ತಿರ ಕೂತು ನೋಡಿದಳು. ನಾನು ಅಡುಗೆಮನೆಗೆ ಹೋಗಿ ವಡೆಗೆ ಎಣ್ಣೆ ಇಟ್ಟೆ. ಸ್ವಲ್ಪ ಹೊತ್ತಿಗೆ ಅವಳು ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಮುಖ ಬಿಳಿಚಿಕೊಂಡಿತ್ತು.

"ತಂಗಿ, ಹೆತ್ತ ಆಯಿ ಮುಖ ಕಂಡ್ರೆ ಒಳಗೆ ಎಂತಾದ್ರೂ ಆಗ್ತು ಹೌದಲ್ದ?" ಎಂದು ಕೇಳಿದಳು. "ಯಂಗೆ ಎಂತದೂ ಆಜಿಲ್ಲೆ." ತನಗೆ ಏನೂ ಆಗಲಿಲ್ಲ ಎಂಬುದೇ ಅವಳ ದಿಗಿಲು.

ನಾನು ಅವಳಿಗೆ ಕಾಣುವ ಹಾಗೆ ತಿರುಗಿ, "ಅದು ಬರೀ ಫೋಟೋ, ಆಯಿ. ಟಿ.ವಿ.ಲಿ ನೋಡಿದ್ರೆ ಬೇರೆ ಆಗ್ತು" ಎಂದೆ.

"ಇಷ್ಟು ವರ್ಷ ಕಾದು ಕಾದು ಯನ್ನ ಒಳಗೇ ಒಣಗಿಹೋತನ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾಯಿ ಸಿಗಲಿಲ್ಲವೆಂದು ಅಳದವಳು, ಸಿಕ್ಕ ತಾಯಿಯ ಬಗ್ಗೆ ಏನೂ ಅನಿಸುತ್ತಿಲ್ಲವೆಂದು ಅಳುತ್ತಿದ್ದಳು. ಆ ಚಿನ್ನದ ಕಟ್ಟಿನ ರಾಣಿಯ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಊಟಕ್ಕೆ ಬಂದವಳು ನೆರೆಮನೆಯ ಸೊಸೆ. ಆ ವರ್ಷ ಆಯಿ ಅವಳ ಮುಖ ನೋಡುತ್ತ ಕೂರಲಿಲ್ಲ. ತಾನೇ ಬಡಿಸಿದಳು, ಬೇಗ ಬೇಗ ಬಡಿಸಿ ಒಳಗೆ ಹೋದಳು. ಇಷ್ಟು ವರ್ಷಗಳ ನವಮಿಯಲ್ಲಿ ಹೊಟ್ಟೆತುಂಬ ಉಂಡೆದ್ದವಳು ಬಹುಶಃ ಅವಳೊಬ್ಬಳೇ ಇರಬೇಕು.

ಎಲೆ ತೆಗೆದಾದ ಮೇಲೆ ನನ್ನ ಗಂಡ ಪೆನ್‌ಡ್ರೈವ್ ತಂದು ಟಿ.ವಿ.ಗೆ ಸಿಕ್ಕಿಸಿದರು. ಆಯಿಯ ಕುರ್ಚಿಯನ್ನು ಟಿ.ವಿ.ಯ ಹತ್ತಿರಕ್ಕೆ ಎಳೆದಿಟ್ಟೆವು. ಮಾವ ಪಕ್ಕದಲ್ಲಿ ನಿಂತು, ಗೊತ್ತಿಲ್ಲದವರಿಗೆ ದೇವಸ್ಥಾನ ತೋರಿಸುವವರ ಹಾಗೆ ಪ್ರತಿಯೊಂದನ್ನೂ ವಿವರಿಸತೊಡಗಿದರು. ಆಯಿ ಅವರ ಕಡೆ ನೋಡಲಿಲ್ಲವಾದ್ದರಿಂದ ಆ ವಿವರಣೆ ನನ್ನ ಪಾಲಿಗೆ ಬಂತು.

ರಾಣಿ ಬಂದಳು. ಕೈಯೆತ್ತಿ, ಎದೆ ಮುಟ್ಟಿಕೊಂಡು, ದೊಡ್ಡ ಕಣ್ಣು ಬಿಟ್ಟು ಏನೇನೋ ಹೇಳಿದಳು. ಆಯಿ ಮುಂದಕ್ಕೆ ಬಾಗಿ ಅವಳ ಬಾಯನ್ನೇ ನೋಡುತ್ತಿದ್ದಳು. "ಎಂತ ಹೇಳ್ತು ಹೇಳಿ ತಿಳೀತಿಲ್ಲೆ" ಎಂದಳು. ಶತ್ರುಗಳು ಅರಮನೆಗೆ ನುಗ್ಗುತ್ತಾರೆ. ರಾಣಿ ತನ್ನ ಎಳೆಗೂಸನ್ನು ಹಿಂದೆ ನಿಂತ ಒಬ್ಬ ದಾಸಿಯ ಕೈಗೆ ಕೊಟ್ಟು ಹೊರಗೆ ಓಡುತ್ತಾಳೆ. ದಾಸಿ ಕೂಸನ್ನು ಎದೆಗವಚಿಕೊಂಡು ಕಂಬದ ಮರೆಗೆ ಬರುತ್ತಾಳೆ. ಅಲ್ಲಿ ಕ್ಯಾಮೆರಾ ಅವಳಿಗೆ ಹತ್ತಿರ. ಕೂಸು ನಿಜವಾಗಿಯೂ ಅಳುತ್ತಿದೆ, ಕೈಕಾಲು ಬಡಿಯುತ್ತಿದೆ. ದಾಸಿ ಅದರ ಮುಖದ ಹತ್ತಿರ ಮುಖ ತಂದು, ತಟ್ಟುತ್ತ, ಏನೋ ಹೇಳುತ್ತಾಳೆ. ಅಷ್ಟರಲ್ಲಿ ಚಿತ್ರದ ತುಂಬ ಕಲೆಗಳೆದ್ದು ಎಲ್ಲ ಬೆಳ್ಳಗಾಗುತ್ತದೆ. ಉಳಿದದ್ದು ಕೊಳೆತುಹೋಗಿದೆಯಂತೆ.

ಆಯಿ ಕುರ್ಚಿಯಿಂದ ಎದ್ದುಬಿಟ್ಟಿದ್ದಳು. "ಮತ್ತೆ ಹಾಕು" ಎಂದಳು. ಹಾಕಿದೆವು. ರಾಣಿ ಬಂದಾಗ ಕೈ ಬೀಸಿ, "ಇದು ಬ್ಯಾಡ, ಮುಂದೆ" ಎಂದಳು. ದಾಸಿ ಬಂದಾಗ ಟಿ.ವಿ.ಯ ಎರಡೂ ಅಂಚು ಹಿಡಿದು ನಿಂತಳು. ಇನ್ನೊಮ್ಮೆ ಹಾಕಿಸಿದಳು. ಅವಳ ತುಟಿಗಳೂ ಆಡುತ್ತಿದ್ದವು.

"ಇದು ಎಂಗಳ ಮಾತು ಆಡ್ತಾ ಇದ್ದು" ಎಂದಳು.

ಮಾವನಿಗೆ ತಡೆಯಲಾಗಲಿಲ್ಲ. "ಅದು ದಾಸಿ, ಅತ್ತಿಗೆ. ನಮ್ಮನೆ ಹೆಣ್ಣು ದಾಸಿ ಪಾರ್ಟು ಎಂತಕ್ಕೆ ಮಾಡ್ತು?" ಎಂದರು. ಸಿನಿಮಾದವಳೆಂದು ಅಷ್ಟು ವರ್ಷ ಮುಚ್ಚಿಟ್ಟ ಮನೆತನಕ್ಕೆ ಈಗ ರಾಣಿಗಿಂತ ಕಡಿಮೆಯವಳು ಬೇಡವಾಗಿತ್ತು. ಅವರ ದನಿ ಜೋರಾಗಿಯೇ ಇತ್ತು. ಆದರೆ ಆಯಿ ತಿರುಗಲಿಲ್ಲ. ತಿರುಗದಿದ್ದರೆ ಅವಳಿಗೆ ಏನೂ ಕೇಳುವುದಿಲ್ಲ. ನನ್ನ ಗಂಡ ಮಾವನ ಭುಜ ಮುಟ್ಟಿ ಸುಮ್ಮನಿರಿಸಿದರು.

ನಾನು ಆ ದಾಸಿಯನ್ನು ನೋಡಿದೆ. ಸಾಧಾರಣ ಮುಖ. ಅಗಲ ಹಣೆ, ಸ್ವಲ್ಪ ಮುಂದಕ್ಕೆ ಬಂದ ಹಲ್ಲು. ಮೂಗು ಉದ್ದವೂ ಅಲ್ಲ ಮೊಂಡೂ ಅಲ್ಲ. ಇವಳೇ ನನ್ನ ಅಜ್ಜಿ ಎನ್ನಲು ನನ್ನ ಹತ್ತಿರ ಯಾವ ಸಾಕ್ಷಿಯೂ ಇಲ್ಲ. ಸಿನಿಮಾ ಹುಡುಕಿದ ಹೆಣ್ಣುಮಗಳಿಗೆ ಆಮೇಲೆ ಫೋನಿನಲ್ಲಿ ಹೇಳಿದಾಗ ಅವಳು, "ತಾಯಿಯವರು ಹೇಳಿದ್ರ ಹಂಗ ಬರ್ಕೋತೀನ್ರಿ" ಎಂದಳು. ಆ ಮಧ್ಯಾಹ್ನ ಮಾತ್ರ ನನಗೆ ಸಾಕ್ಷಿ ಬೇಕೆನಿಸಲಿಲ್ಲ. ಆಯಿಯ ಮುಖ ನೋಡಿದರೆ ಸಾಕಾಗಿತ್ತು. ಅಷ್ಟು ಮೆತ್ತಗಾದ ಅವಳ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅವಳ ಭುಜ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ. "ಎಂತ ಹೇಳ್ತಾ ಇದ್ದು, ಆಯಿ?" ಎಂದು ಕೇಳಿದೆ.

ಆಯಿ ಮತ್ತೆ ಟಿ.ವಿ.ಯ ಕಡೆ ತಿರುಗಿದಳು. ದಾಸಿ ಕೂಸನ್ನು ಎತ್ತಿಕೊಂಡು ಕಂಬದ ಮರೆಗೆ ಬರುವವರೆಗೆ ಕಾದಳು. ಆ ತುಟಿಗಳು ಆಡತೊಡಗಿದಾಗ, ಅವುಗಳ ಜೊತೆಜೊತೆಗೇ, ಕಿವುಡರಿಗೆ ಬರುವ ಆ ಏರಿಳಿತವಿಲ್ಲದ ದನಿಯಲ್ಲಿ ಗಟ್ಟಿಯಾಗಿ ಹೇಳಿದಳು:

"ಅಳಡ ಪುಟ್ಟಾ, ಅಳಬ್ಯಾಡ. ಆಯಿ ಈಗ ಬರ್ತು. ಈಗ ಬರ್ತು."

ಪರದೆ ಬೆಳ್ಳಗಾಯಿತು. ನನಗೆ ಅಳು ತಡೆಯಲಾಗದೆ ಅವಳ ಕೈ ಹಿಡಿದುಕೊಂಡೆ. ಆಯಿ ಅಳಲಿಲ್ಲ. ಆ ಖಾಲಿ ಬೆಳಕನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು ಕುರ್ಚಿಯಲ್ಲಿ ಕೂತಳು.

"ಯಾರ ಮಗುವೇನ, ಪುಣ್ಯ ಮಾಡಿತ್ತು" ಎಂದಳು. ಆಮೇಲೆ, "ಹೇಳಿದ್ದು ಯಂಗಲ್ಲ. ಆದ್ರೂ ಯಂಗೆ ಕೇಳ್ಚು" ಎಂದಳು.